ಸೇಂದಿಯೊಳಗಿನ ಮಣಿಗಳು

ಚಂದಾಪುರದ ಹುಣಸೆ ವ್ಯಾಪಾರಿಯ ಅಂಗಳದಲ್ಲಿ ಲುಂಬಿನಿ ಬೀಜದ ಚೀಲ ಬಿಚ್ಚಿಸಿ, ಹುಳ ಹಿಡಿದದ್ದು ಯಾವುದು, ಗಟ್ಟಿ ಯಾವುದು ಎಂದು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದಳು. ಆಗ ಸೇಡಂನಿಂದ ಡಾಕ್ಟರ್ ಸಂಗಮೇಶ್ವರ ಅವರ ಫೋನ್ ಬಂತು.

"ಮೇಡಮ್, ಎಲ್ಲಿದ್ದೀರಿ? ಚಿಂಚೋಳಿ ಕಡಿ ಇದ್ರ ಸೀದಾ ದವಾಖಾನಿಗಿ ಬರ್ರಿ. ನಿಮಗೊಂದು ತೋರಸೋದದ. ಫೋನಿನಾಗ ಹೇಳಾಕ ಬರಂಗಿಲ್ಲ."

ಲುಂಬಿನಿ ಚೀಲಗಳನ್ನು ಅಲ್ಲೇ ಬಿಟ್ಟು ಕಾರು ಹತ್ತಿದಳು.

ಅವಳು ಕಲಬುರಗಿಯಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕಿ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಪಾಲಿಮರ್ ರಸಾಯನಶಾಸ್ತ್ರ ಓದಿ ಅದನ್ನೇ ಕಲಿಸುವವಳು. ಹುಣಸೆ ಬೀಜದ ತಿರುಳಿನಲ್ಲಿ ಒಂದು ಅಂಟು ಇರುತ್ತದೆ. ಆ ಅಂಟನ್ನು ತೆಗೆದು ಹದ ಮಾಡಿ, ಸಾಸಿವೆ ಕಾಳಿನಷ್ಟು ಸಣ್ಣ ಮಣಿಗಳನ್ನಾಗಿಸಿ, ಒಳಗೆ ಔಷಧ ತುಂಬುವುದು ಅವಳ ಸಂಶೋಧನೆ. ಜಠರದ ಹುಳಿಗೆ ಆ ಮಣಿ ಜಗ್ಗಬಾರದು. ಕರುಳಿಗೆ ಇಳಿದ ಮೇಲೆ ಮೆಲ್ಲಗೆ ಬಿಚ್ಚಿಕೊಂಡು, ಹುಣ್ಣಾದ ಜಾಗಕ್ಕೇ ಔಷಧ ಬಿಡಬೇಕು. ಕರುಳಿನ ಹುಣ್ಣಿನಿಂದ ರಕ್ತ ಹೋಗಿ ಹೋಗಿ ಸೊರಗಿದ ರೋಗಿಗಳನ್ನು ಸಂಗಮೇಶ್ವರ ದಿನವೂ ನೋಡುವವರು. ಹಾಗಾಗಿ ಅವರಿಗೆ ಈ ಕೆಲಸದ ಮೇಲೆ ಆಸೆಯಿತ್ತು. ಒಮ್ಮೆ ಅವಳ ಪ್ರಯೋಗಾಲಯಕ್ಕೇ ಬಂದು ಗಾಜಿನ ಶೀಶೆಯಲ್ಲಿದ್ದ ಮಣಿಗಳನ್ನು ಬೆಳಕಿಗೆ ಹಿಡಿದು ನೋಡಿ ಹೋಗಿದ್ದರು.

ದವಾಖಾನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಣಗಳನ್ನು ಗೋಡೆಯ ನೆರಳಿಗೆ ಸಾಲಾಗಿ ಮಲಗಿಸಿ ಚಾದರ ಹೊದಿಸಿದ್ದರು. ಗಡಿ ಕಡೆಯ ಒಂದು ಹಳ್ಳಿಯ ಮಂದಿ. ಮದುವೆ ಮುಗಿಸಿ, ಈಚಲಮರದ ಸೇಂದಿ ಕುಡಿದು ಮಲಗಿದವರು ಬೆಳಗ್ಗೆ ಏಳಲೇ ಇಲ್ಲವಂತೆ. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಗಂಡಸರು ಅಳುತ್ತಿರಲಿಲ್ಲ. ಯಾರನ್ನು ಹಿಡಿಯಲಿ, ಯಾರನ್ನು ಬಡಿಯಲಿ ಎಂಬಂತೆ ಬಂದವರ ಮುಖವನ್ನೆಲ್ಲ ದಿಟ್ಟಿಸುತ್ತ ನಿಂತಿದ್ದರು.

ಸಂಗಮೇಶ್ವರ ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಸ್ಟೀಲಿನ ತಟ್ಟೆಯೊಂದನ್ನು ಮುಂದಿಟ್ಟರು. ರೋಗಿಯೊಬ್ಬನ ಹೊಟ್ಟೆ ತೊಳೆದಾಗ ಬಂದದ್ದು. ಹುಳಿ ವಾಸನೆಯ ನೀರು. ಅದರ ತಳದಲ್ಲಿ ಮಾಸಿದ ಬಿಳಿ ಬಣ್ಣದ ಸಣ್ಣ ಮಣಿಗಳು.

"ಸೇಂದಿಗಿ ನಶಾದ ಪುಡಿ ಕಲಸೋದು ಹೊಸದಲ್ಲ ಮೇಡಮ್. ಆದ್ರ ಇಂಥಾದ್ದು ನಾ ನೋಡಿದ್ದಿಲ್ಲ. ಅಲ್ಲ, ನೋಡೀನಿ. ನಿಮ್ಮ ಹತ್ರಾನೇ ನೋಡೀನಿ."

ಲುಂಬಿನಿ ಒಂದು ಮಣಿಯನ್ನು ಬೆರಳ ನಡುವೆ ಹಿಡಿದು ಉಗುರಿನಿಂದ ಸೀಳಿದಳು. ಅಂಟಿನ ಎಳೆ ಎದ್ದು ಬಂತು. ಇನ್ನೊಂದನ್ನು, ಕರುಳಿನ ರಸದಂತಿರಲೆಂದು ಸೋಡಾ ಕಲಸಿದ ನೀರಿಗೆ ಹಾಕಿದಳು. ನೋಡನೋಡುತ್ತ ಅದು ಸಾಬೂದಾನಿಯಂತೆ ಉಬ್ಬಿ, ಬಿರಿದು, ಒಳಗಿನ ಪುಡಿಯನ್ನು ಬಿಟ್ಟಿತು.

"ಇವು ನನ್ನವು," ಎಂದಳು.

ಇಷ್ಟು ದುಂಡಗೆ ಮಣಿ ಬಿಡುವ ಕೈ ಒಂದೇ ಇತ್ತು. ಅಂಬರಾಯ. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿಯುವವರ ಮನೆಯ ಹುಡುಗ, ಅವಳ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ್ದವನು. ಮಣಿ ತಿನ್ನಿಸಿದ ಇಲಿಗಳಿಗೆ ಮದ್ಯ ಕೊಟ್ಟಾಗ, ಮೆಲ್ಲಗೆ ಬಿಚ್ಚಬೇಕಾದ ಮಣಿಗಳು ಒಮ್ಮೆಲೇ ಒಡೆದು ಇಲಿಗಳು ಸತ್ತಿದ್ದವು. ಅಂಬರಾಯ ಸತ್ತ ಇಲಿಗಳನ್ನು ಹೊರಗೆಸೆದು, ಬದುಕಿದವುಗಳ ಲೆಕ್ಕವನ್ನಷ್ಟೇ ತೋರಿಸಿದ್ದ. ಗೊತ್ತಾದ ದಿನವೇ ಲುಂಬಿನಿ ಅವನನ್ನು ಪ್ರಯೋಗಾಲಯದಿಂದ ಹೊರಗೆ ಹಾಕಿದ್ದಳು.

ಅದನ್ನೇ ಡಾಕ್ಟರಿಗೆ ಹೇಳಬೇಕೆಂದು ಬಾಯಿ ತೆರೆದಳು. ಕಿಟಕಿಯ ಒಡೆದ ಗಾಜಿನಾಚೆಯಿಂದ ಒಂದು ಕಿರುಚು ಕೇಳಿತು.

"ಇಕಿದಂತ್ರೋ! ತಾನೇ ಹೇಳಿದ್ಳು! ಇಕೀನೇ ಮಾಡ್ಯಾಳಂತ!"

ಕೂಗಿದವಳು ಶಿವಕಾಂತಮ್ಮ. ಅವಳ ಗಂಡ ಹೊರಗೆ ಚಾದರದ ಕೆಳಗಿದ್ದ. ಮೈದುನ ವಾರ್ಡಿನಲ್ಲಿದ್ದ. ಒಳಗೇನು ನಡೆದಿದೆ ಎಂದು ಕಿಟಕಿಗೆ ಕಿವಿಯಿಟ್ಟು ನಿಂತಿದ್ದ ಅವಳಿಗೆ ಕೇಳಿಸಿದ್ದು ಎರಡೇ ಮಾತು.

ಡಾಕ್ಟರು ಬಾಗಿಲಿಗೆ ಅಡ್ಡ ನಿಲ್ಲುವಷ್ಟರಲ್ಲಿ ಬಾಗಿಲೇ ಕಿತ್ತು ಬಂತು. ಲುಂಬಿನಿಯ ಜಡೆ ಯಾರದೋ ಮುಷ್ಟಿಗೆ ಸಿಕ್ಕಿತು. ಅವಳನ್ನು ಹಿಂದುಮುಂದಾಗಿ ಎಳೆದರು. ಹೊಸ್ತಿಲಿಗೆ ಬೆನ್ನು ಬಡಿಯಿತು, ಮೆಟ್ಟಿಲುಗಳ ಅಂಚು ಒಂದೊಂದಾಗಿ ಸೊಂಟಕ್ಕೆ ಹೊಡೆಯಿತು. ಅಂಗಳದ ಮಣ್ಣಿಗೆ ಬಿದ್ದಾಗ ಕಾಲುಗಳನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಚಪ್ಪಲಿಯ ಕಾಲು, ಬರಿಗಾಲು, ಕೆಸರಿನ ಕಾಲು. ಒಂದು ಒದೆತ ಪಕ್ಕೆಗೆ ಬಿತ್ತು, ಇನ್ನೊಂದು ದವಡೆಗೆ. ಮುಖ ಮುಚ್ಚಲು ಎತ್ತಿದ ಬಲಗೈಯ ಮೇಲೆ ಯಾರೋ ಫರ್ಸಿಯ ತುಂಡನ್ನು ಕುಕ್ಕಿದರು. ಬೆರಳುಗಳು ಮುರಿದ ಸದ್ದು ಅವಳಿಗೆ ನೋವಿಗಿಂತ ಮೊದಲು ಕೇಳಿತು.

ಶಿವಕಾಂತಮ್ಮ ಅವಳ ಎದೆಯ ಮೇಲೆ ಕುಳಿತು ಎರಡೂ ಕೈಯಿಂದ ಮುಖಕ್ಕೆ ಬಡಿಯುತ್ತಿದ್ದಳು. ಬಳೆಗಳು ಒಡೆದು ಕೆನ್ನೆಗೆ ನೆಟ್ಟವು.

"ಎಬ್ಬಸು! ನನ್ ಗಂಡ ಮುಂಜಾನಿ ಎದ್ದಿಲ್ಲ. ಎಬ್ಬಸ್ ಬಾ ಅವನ! ನೀ ಓದಿದಾಕಿ ಇದ್ದಿ ಅಲ್ಲ? ಎಬ್ಬಸು!"

ಬಂದೋಬಸ್ತಿಗೆಂದು ಅಂಗಳದಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಹಾಜಿಸಾಬ ಲಾಠಿ ಬೀಸಿದ. ಅವನ ತಲೆಗೂ ಕಲ್ಲು ಬಿತ್ತು. ರಕ್ತ ಸುರಿಸುತ್ತಲೇ ಅವನು ನುಗ್ಗಿ, ಶಿವಕಾಂತಮ್ಮನನ್ನು ಸೊಂಟ ಹಿಡಿದೆತ್ತಿ ಆಚೆ ಹಾಕಿದ. ಸಂಗಮೇಶ್ವರ ಲುಂಬಿನಿಯ ಮೇಲೆ ಅಡ್ಡ ಬಿದ್ದು, ಬಂದ ಒದೆಗಳನ್ನು ಬೆನ್ನ ಮೇಲೆ ತಾಳಿಕೊಂಡು ಕೂಗಿದರು: "ಈಕಿನ್ನ ಕೊಂದ್ರ ವಾರ್ಡಿನಾಗ ಇದ್ದವ್ರೂ ಸಾಯ್ತಾರ! ಅವ್ರನ್ನ ಉಳಸೋದು ಗೊತ್ತಿದ್ದಾಕಿ ಈಕಿ ಒಬ್ಬಾಕೀನೇ!"

ಮಂದಿ ಒಂದು ಗಳಿಗೆ ತಡೆಯಿತು. ಅಷ್ಟರಲ್ಲಿ ಇಬ್ಬರೂ ಸೇರಿ ಅವಳನ್ನು ಒಳಗೆ ಹಾಕಿಕೊಂಡರು.

ಅಂಗಳದ ಗೇಟಿನ ಬಳಿ ಒಂದು ಆಟೋ ನಿಂತಿತ್ತು. ಎಚ್ಚರವಾಗಿ ಮಾತಾಡಿದವರನ್ನು ಮನೆಗೆ ಕಳಿಸಲು ಶುರುಮಾಡಿದ್ದರು. ಮೊದಲನೆಯವನು ಶಿವಕಾಂತಮ್ಮನ ಮೈದುನ. ಲುಂಬಿನಿಗೆ ಅದು ಕಿಟಕಿಯಿಂದ ಕಂಡಿತು. ಬಾಯಲ್ಲಿ ತುಂಬಿದ ರಕ್ತ ಉಗುಳಿ ಹೇಳಿದಳು: "ಯಾರ್ನೂ ಕಳಸಬ್ಯಾಡ್ರಿ. ಎದ್ದು ಕುಂತು ಚಾ ಕುಡದ್ರೂ ಕಳಸಬ್ಯಾಡ್ರಿ. ಒಡೀದಿರೋ ಮಣಿ ಇನ್ನಾ ಕರುಳಿನಾಗ ಅವ. ಸಂಜಿ ತನಾ ಒಂದೊಂದೇ ಬಿಚ್ಚತಾವ. ಮತ್ತ ನಿದ್ದಿ ಹತ್ತಿದ್ರ ಉಸಿರು ನಿಂದರ್ತದ. ಕರುಳು ಪೂರಾ ತೊಳೀರಿ."

ಆಟೋ ತಿರುಗಿ ಬಂತು. ಆ ಮನುಷ್ಯ ಅದರೊಳಗೇ ಗೊರಕೆ ಹೊಡೆಯುತ್ತಿದ್ದ. ತುಟಿ ನೀಲಿಯಾಗಿತ್ತು. ಒಳಗೆ ಎತ್ತಿಕೊಂಡು ಓಡಿದರು. ಶಿವಕಾಂತಮ್ಮ ಅವನ ಹಿಂದೆ ಓಡುತ್ತ, ಕಿಟಕಿಯೊಳಗೆ ಲುಂಬಿನಿಯನ್ನು ಒಮ್ಮೆ ನೋಡಿದಳು.

ಮುರಿದ ಬೆರಳುಗಳಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತ ಲುಂಬಿನಿ ಎಡಗೈಯಲ್ಲಿ ಅಂಬರಾಯನ ನಂಬರು ಒತ್ತಿದಳು. ಎತ್ತುತ್ತಾನೆಂದು ಅಂದುಕೊಂಡಿರಲಿಲ್ಲ. ಎತ್ತಿದ. ಎತ್ತಿದವನೇ ಅತ್ತ.

"ಮೇಡಮ್, ನಾ ಕೊಂದಿಲ್ಲ ಮೇಡಮ್. ಅಬಕಾರಿಯವ್ರು ಸೇಂದಿ ಸೋಸಿ ಪರೀಕ್ಷಾ ಮಾಡಿದ್ರ ಪುಡಿ ಸಿಗಬಾರ್ದು, ಮಣಿಯೊಳಗ ಮುಚ್ಚಿಡು ಅಂತ ಭೀಮಶ್ಯಾ ಹೇಳ್ದ. ಅಷ್ಟೇ ಮಾಡೀನಿ."

"ಇಲಿ ಸತ್ತದ್ದು ಕಂಡಿದ್ದೆಲ್ಲೋ ನೀ! ಕುಡದವ್ರಿಗಿ ಮೊದಲು ನಶಾನೇ ಏರಿಲ್ಲ. ಅದಕ್ಕೇ ಮತ್ತ ಮತ್ತ ಕುಡದಾರ. ಆಮ್ಯಾಲ ಎಲ್ಲಾ ಒಮ್ಮೇ ಒಡದದ."

ಆ ಕಡೆಯಿಂದ ಸಣ್ಣ ದನಿ ಬಂತು. "ಶಹಾಬಾದದಾಗ ಇದ್ದೀನಿ. ಭೀಮಶ್ಯಾನ ಹಳೀ ಪಾಲಿಶ್ ಯಾರ್ಡಿನಾಗ. ಬಿಟ್ಟು ಹೋಗ್ತೀನಂದ್ರ ಬಿಡವಲ್ರು. ಇನ್ನೊಂದು ಮಾಲು ತಯಾರದ. ಸಂಜಿಗಿ ಚಿತ್ತಾಪುರ ಕಡಿ ಹೋಗ್ತದ. ಜಲ್ದಿ ಯಾರನ್ನಾರ..." ಏನೋ ಬಡಿದ ಸದ್ದಾಯಿತು. ಫೋನು ಸತ್ತಿತು.

ಭೀಮಶ್ಯಾ ಯಾರೆಂದು ಆ ಭಾಗದಲ್ಲಿ ಎಲ್ಲರಿಗೂ ಗೊತ್ತು. ಹೊರಗೆ ಕಲ್ಲಿನ ವ್ಯಾಪಾರಿ, ಒಳಗೆ ಕಳ್ಳ ಸೇಂದಿಯ ದೊರೆ. ಹಾಜಿಸಾಬ ಸಾಹೇಬರಿಗೆ ಫೋನ್ ಹಚ್ಚಿಕೊಟ್ಟ. ಇನ್‌ಸ್ಪೆಕ್ಟರ್ ಸತ್ತವರ ಹಳ್ಳಿಯಲ್ಲಿದ್ದರು. ಮಂದಿ ರಸ್ತೆಗೆ ಕಲ್ಲಿಟ್ಟು ಜೀಪನ್ನು ಸುತ್ತುಗಟ್ಟಿದ್ದರು. "ಶಹಾಬಾದ ಠಾಣಾಕ್ಕ ಹೇಳ್ತೀನ್ರಿ. ನೀವು ಮಾತ್ರ ಹೋಗಬ್ಯಾಡ್ರಿ," ಎಂದರು.

ಸುದ್ದಿ ತಿಳಿದು ತಮ್ಮ ದೇವಾನಂದ ವಾಡಿಯಿಂದ ಬಂದಿದ್ದ. ರೈಲ್ವೆಯಲ್ಲಿ ಹಳಿ ಕಾಯುವ ಕೆಲಸ ಅವನದು. ಕಬ್ಬಿಣ ಎತ್ತಿ ಎತ್ತಿ ಹೆಗಲು ಕಲ್ಲಾಗಿತ್ತು. ಅಕ್ಕನ ಬಾತ ಮುಖ ನೋಡುತ್ತ ನಿಂತ. ಅವಳು ಕಾರಿನ ಕೀಲಿ ಅವನ ಕೈಗಿಟ್ಟಳು.

"ಪೊಲೀಸ್ರ ಕೆಲಸ ಪೊಲೀಸ್ರಿಗಿ ಬಿಡಕ್ಕಾ."

"ಚೀಲ ಬಿಚ್ಚಿ ನೋಡಿದ್ರ ಅವ್ರು ಸಾಬೂದಾನಿ ಅಂತಾರ. ಬಿಟ್ಟು ಕಳಸ್ತಾರ. ಗುರ್ತ ಹಿಡಿಯಾಕಿ ನಾ ಒಬ್ಬಾಕಿ. ನಡಿ."

ಮಳಖೇಡ, ಚಿತ್ತಾಪುರ ದಾಟಿದರು. ವಾಡಿಯಲ್ಲಿ ಮನೆಯ ಓಣಿ ಬಂದರೂ ನಿಲ್ಲಿಸಲಿಲ್ಲ. ಸಿಮೆಂಟಿನ ದೂಳು ಕೂತು ಬೇವಿನ ಮರಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ದೇವಾನಂದ ದಾರಿಯುದ್ದಕ್ಕೂ ಒಂದೇ ಮಾತು ಕೇಳಿದ. "ಆ ಅಂಬರಾಯಾನ ಹೊಡೀಲೇನು?" ಲುಂಬಿನಿಗೂ ಹೊಡೆಯಬೇಕು ಅನ್ನಿಸುತ್ತಿತ್ತು.

ಯಾರ್ಡು ಊರ ಹೊರಗೆ, ಬಿಟ್ಟುಹೋದ ಖಣಿಯ ಅಂಚಿನಲ್ಲಿತ್ತು. ಫರ್ಸಿಗಳು ಸಾಲಾಗಿ ಒಂದಕ್ಕೊಂದು ಆನಿಸಿಕೊಂಡು ನಿಂತಿದ್ದವು. ಗೇಟಿನ ಹೊರಗೆ ಪೊಲೀಸರ ಸುಳಿವಿಲ್ಲ, ಒಳಗೆ ಒಂದು ಟೆಂಪೋಗೆ ಚೀಲ ಏರಿಸಿಯಾಗಿತ್ತು. ಕಾಯೋಣ ಎಂದ ದೇವಾನಂದ. ಅಷ್ಟರಲ್ಲಿ ಶೆಡ್ಡಿನೊಳಗಿಂದ ಅಂಬರಾಯನ ಚೀರಾಟ ಬಂತು. ಲುಂಬಿನಿ ನಡೆದೇಬಿಟ್ಟಳು.

ಒಳಗೆ ಪ್ಲಾಸ್ಟಿಕ್ ಡ್ರಮ್ಮುಗಳು, ಹನಿ ಬಿಡುವ ನಳಿಕೆಗಳು. ಅವಳ ಪ್ರಯೋಗಾಲಯವನ್ನೇ ಯಾರೋ ಎತ್ತಿ ತಂದು ಕೆಸರಿನಲ್ಲಿ ನಿಲ್ಲಿಸಿದಂತಿತ್ತು. ಒಂದು ಡ್ರಮ್ಮಿನಲ್ಲಿ ಹುಣಸೆ ಹಿಟ್ಟನ್ನು ಹದಕ್ಕೆ ತರುವ ಕಾಸ್ಟಿಕ್ ಸೋಡಾದ ನೀರು. ಅಂಬರಾಯ ಕಲ್ಲು ಕೊಯ್ಯುವ ಮಷಿನ್ನಿನ ಪಕ್ಕ ಮೊಣಕಾಲೂರಿ ಬಿದ್ದಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. ಇಬ್ಬರು ಆಳುಗಳು ಅವನ ಎರಡು ಕಡೆ ನಿಂತಿದ್ದರು. ಭೀಮಶ್ಯಾ ಫರ್ಸಿಯ ಅಟ್ಟಿಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ.

"ಬರ್ರಿ ಮೇಡಮ್, ಬರ್ರಿ. ಕುಂದ್ರಿ. ನಿಮ್ಮ ಶಿಷ್ಯ ವಿದ್ಯಾ ಅರ್ಧಾನೇ ಕಲ್ತಾನ. ಮಂದಿ ಸತ್ರ ನನ್ನ ಧಂದಾ ಹೆಂಗ ನಡೀತದ ಹೇಳ್ರಿ? ಗುರುಗಳೇ ಬಂದೀರಿ, ಛಲೋ ಆಯ್ತು. ಸಾಯ್ಲಾರದಂಗ ಮಾಡಾದು ತೋರಸಿ ಕೊಡ್ರಿ."

"ತೋರಸಂಗಿಲ್ಲ. ಪೊಲೀಸ್ರು ಬರಲಿಕತ್ತಾರ."

ಭೀಮಶ್ಯಾ ಕಣ್ಣಲ್ಲೇ ಸನ್ನೆ ಮಾಡಿದ. ಒಬ್ಬ ಆಳು ಕಬ್ಬಿಣದ ರಾಡನ್ನು ದೇವಾನಂದನ ಮೊಣಕಾಲಿಗೆ ಬೀಸಿದ. ದೇವಾನಂದ ಒಂದೇ ಏಟಿಗೆ ಕುಸಿದ. ಇನ್ನೊಬ್ಬ ಮಷಿನ್ ಚಾಲೂ ಮಾಡಿದ. ತಣ್ಣೀರಿನ ಪೈಪು ಚಿಮ್ಮಿತು, ದೊಡ್ಡ ಗಾಲಿ ಕಿವಿ ಹರಿಯುವಂತೆ ಕಿರುಚುತ್ತ ತಿರುಗಿತು. ಅವನು ಅಂಬರಾಯನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಗಾಲಿಯ ಮುಂದೆ ಹಲಗೆಯ ಮೇಲೆ ಒತ್ತಿದ.

"ಮೇಡಮ್!" ಅಂಬರಾಯ ಒಂದೇ ಸಮನೆ ಕೂಗುತ್ತಿದ್ದ. "ಮೇಡಮ್! ಮೇಡಮ್!"

"ಆಯ್ತು," ಎಂದಳು ಲುಂಬಿನಿ. "ತೋರಸ್ತೀನಿ. ಅವನ ಕೈ ಬಿಡ್ರಿ. ತಪ್ಪು ಹದ ಮಾಡೋದ್ರಾಗೇ ಅದ."

ಅವಳು ಕಾಸ್ಟಿಕ್ ಡ್ರಮ್ಮಿನ ಹತ್ತಿರ ಹೋದಳು. ತೇಲುತ್ತಿದ್ದ ಮಗ್ಗನ್ನು ಎಡಗೈಯಲ್ಲಿ ಹಿಡಿದಳು. ಭೀಮಶ್ಯಾ ಎದ್ದು ಬಂದು, ಏನು ಮಾಡುತ್ತಾಳೆಂದು ನೋಡಲು ಪಕ್ಕದಲ್ಲೇ ಬಾಗಿದ. ಅವನ ಬಾಯಿಂದ ಎಲೆ ಅಡಿಕೆಯ ವಾಸನೆ ಬರುತ್ತಿತ್ತು. ಈ ನೀರು ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಅವಳು ವರ್ಷ ವರ್ಷವೂ ಹೊಸ ಹುಡುಗರಿಗೆ ಮೊದಲ ದಿನವೇ ಹೇಳುವವಳು. ಆ್ಯಸಿಡ್ಡಿಗಿಂತ ಇದು ಕೆಟ್ಟದ್ದು. ಆ್ಯಸಿಡ್ ಮೇಲೆ ಸುಡುತ್ತದೆ, ಇದು ಒಳಕ್ಕೆ ಕರಗಿಸುತ್ತ ಹೋಗುತ್ತದೆ. ಅದೆಲ್ಲ ಅವಳ ತಲೆಯಲ್ಲಿ ಸ್ಪಷ್ಟವಾಗಿತ್ತು. ಮಗ್ಗು ತುಂಬಿಕೊಂಡು ಅವನ ಮುಖಕ್ಕೆ ಉಗ್ಗಿದಳು.

ಭೀಮಶ್ಯಾನ ಬಾಯಿಂದ ಬಂದ ಕೂಗು ಮನುಷ್ಯನದಾಗಿರಲಿಲ್ಲ. ಅಂಬರಾಯನನ್ನು ಹಿಡಿದಿದ್ದವನು ಬೆಚ್ಚಿ ತಿರುಗಿದ. ಅವನ ಮೈಯ ಭಾರವೆಲ್ಲ ಮುಂದಕ್ಕೆ ಹೋಯಿತು. ಗಾಲಿಯ ಸದ್ದು ಒಂದು ಚಣ ಬದಲಾಯಿತು. ಬಿಳಿ ಕೆಸರಿನ ಮೇಲೆ ಕೆಂಪು ಚಿಮ್ಮಿತು, ಅಂಬರಾಯನ ಬೆರಳುಗಳು ಹಲಗೆಯ ಆಚೆ ಬಿದ್ದವು. ನೆಲದಲ್ಲಿದ್ದ ದೇವಾನಂದ ರಾಡು ಹಿಡಿದವನ ಕಾಲೆಳೆದು ಕೆಡವಿ, ಅವನ ರಾಡನ್ನೇ ಕಿತ್ತುಕೊಂಡು ತಲೆಗೆ ಕೊಟ್ಟ. ಮತ್ತೆ ಕೊಟ್ಟ. ಇನ್ನೊಬ್ಬ ರಕ್ತ ನೋಡಿ ಓಡಿಹೋದ.

"ಮಷಿನ್ ಬಂದ್ ಮಾಡು!" ಲುಂಬಿನಿ ಕೂಗಿದಳು. "ಅವನ ಮಣಿಕಟ್ಟು ಬಿಗಿದು ಕಟ್ಟು! ಪೈಪ್ ನನ್ ಕಡಿ ಒಗಿ!"

ದೇವಾನಂದ ತೆವಳಿಕೊಂಡು ಹೋಗಿ ಮಷಿನ್ ನಿಲ್ಲಿಸಿದ. ಹೆಗಲ ಟವೆಲಿನಿಂದ ಅಂಬರಾಯನ ಕೈ ಬಿಗಿದ. ನೀರಿನ ಪೈಪನ್ನು ಎಳೆದು ಕೊಟ್ಟ. ಅಂಬರಾಯನಿಗಾಗಿ ಇರಬೇಕೆಂದುಕೊಂಡಿದ್ದ. ಆದರೆ ಅಕ್ಕ ಭೀಮಶ್ಯಾನ ಹತ್ತಿರ ಹೋದಳು. ಅವನು ಕೆಸರಿನಲ್ಲಿ ಹೊರಳಾಡುತ್ತ ಮುಖ ಕೆರೆದುಕೊಳ್ಳುತ್ತಿದ್ದ. ಅವಳು ಅವನ ಕೈಗಳನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಎಡಗೈ ಬೆರಳಿನಿಂದ ರೆಪ್ಪೆ ಬಿಡಿಸಿ, ಮುರಿದ ಬಲಗೈಯ ಕಂಕುಳಲ್ಲಿ ಪೈಪು ಸಿಕ್ಕಿಸಿಕೊಂಡು ಕಣ್ಣಿಗೆ ನೀರು ಬಿಟ್ಟಳು.

"ಏನ್ ಮಾಡಲಿಕತ್ತಿ ಅಕ್ಕಾ? ಸಾಯ್ಲಿ ಬಿಡು ಆ ಹಲ್ಕಟ್!"

"ನೀರು ನಿಂದ್ರಬಾರ್ದು. ಮೋಟರ್ ನೋಡ್ಕೋ."

ಭೀಮಶ್ಯಾ ಅವಳ ಮೈ ಕಚ್ಚಿದ, ಬೈದ, ಆಮೇಲೆ ಅವ್ವಾ ಅವ್ವಾ ಎಂದು ಅತ್ತ. ಅವಳು ಬಿಡಲಿಲ್ಲ. ತನ್ನ ಎಡಗೈಯ ಚರ್ಮವೂ ಸುಟ್ಟು ಜಾರುತ್ತಿರುವುದು ಅವಳ ಗಮನಕ್ಕೆ ಬಂದದ್ದೇ ಆಮೇಲೆ. ಇವನ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ನೀರು ಬಿಡುತ್ತಲೇ ಇವನು ಸತ್ತರೆ ಸಾಯಲಿ ಎಂದೂ ಅನ್ನಿಸುತ್ತಿತ್ತು. ಕೈ ಮಾತ್ರ ಕೆಲಸ ಮಾಡುತ್ತಿತ್ತು.

ಶಹಾಬಾದದ ಪೊಲೀಸರು ಬಂದಾಗ ಅವಳು ಇನ್ನೂ ಅವನ ಎದೆಯ ಮೇಲೇ ಇದ್ದಳು. ಬೇರೊಬ್ಬರ ಕೈಗೆ ಪೈಪು ಕೊಟ್ಟು, ದವಾಖಾನೆ ಮುಟ್ಟುವವರೆಗೂ ಕಣ್ಣಿಗೆ ನೀರು ಹಾಕುತ್ತಿರಿ ಎಂದು ಹೇಳಿ ಎದ್ದಳು. ಅಂಬರಾಯ ಗೋಡೆಗೆ ಒರಗಿದ್ದ, ಮುಖ ಸುಣ್ಣದಂತಾಗಿತ್ತು. ಅವನ ಎದುರು ನಿಂತಳು. ಹೊಡೆಯಬೇಕೆಂದಿದ್ದುದು ನೆನಪಾಯಿತು. ಹೊಡೆಯಲು ಅವನಲ್ಲಿ ಏನೂ ಉಳಿದಿರಲಿಲ್ಲ. ಟೆಂಪೋದ ಚೀಲಗಳನ್ನು ಒಂದೊಂದಾಗಿ ಬಿಚ್ಚಿಸಿ, ಹಿಟ್ಟು ಯಾವುದು, ಮಣಿ ಯಾವುದು ಎಂದು ತೋರಿಸಿದಳು. ಎಲ್ಲಕ್ಕೂ ಸೀಲ್ ಬಿತ್ತು.

ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯ. ಶಹಾಬಾದ ಠಾಣೆಯಲ್ಲಿ ಹೇಳಿಕೆ ತೆಗೆದುಕೊಳ್ಳುವಾಗ ದನಿ ತಗ್ಗಿಸಿ ಕೇಳಿದರು: "ಗಾಬರ್ಯಾಗಿ ಕೈಗಿ ಸಿಕ್ಕಿದ್ದು ಉಗ್ಗಿದ್ನಿ ಅಂತ ಬರಕೋತೀನಿ ಮೇಡಮ್. ಆಗ್ಬಹುದಲ್ಲ?"

"ಬ್ಯಾಡ್ರಿ. ಅದು ಏನಂತ ಗೊತ್ತಿತ್ತು. ಕಣ್ಣು ಹೋಗ್ತಾವಂತ ಗೊತ್ತಿತ್ತು. ಗೊತ್ತಿದ್ದೇ ಉಗ್ಗೀನಿ. ಅಂಬರಾಯಾನ ಕೈ ಉಳಸಾಕ ಉಗ್ಗೀನಿ, ಉಳೀಲಿಲ್ಲ. ಹಂಗೇ ಬರೀರಿ."

ಅವಳ ಮೇಲೂ ಕೇಸಾಯಿತು. ಜಾಮೀನು ಸಿಕ್ಕಿತು, ಕೇಸು ಇನ್ನೂ ನಡೆದಿದೆ. ಭೀಮಶ್ಯಾನ ಒಂದು ಕಣ್ಣು ಹೋಯಿತು, ಇನ್ನೊಂದು ಉಳಿಯಿತು. ಅವನು ಜೈಲಿನಲ್ಲಿದ್ದಾನೆ. ದೇವಾನಂದ ಹೊಡೆದವನು ಬದುಕಿದ. ಅಂಬರಾಯ ಕೋರ್ಟಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡು, ಎಡಗೈಯಲ್ಲಿ ಸೊಟ್ಟ ಸೊಟ್ಟ ಸಹಿ ಹಾಕಿದ. ಸೇಡಂನ ವಾರ್ಡಿನಲ್ಲಿದ್ದವರಲ್ಲಿ ಒಬ್ಬರೂ ಸಾಯಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಶಿವಕಾಂತಮ್ಮ ವಾಡಿಗೆ ಬಂದಳು. ಲುಂಬಿನಿ ರಜೆ ಹಾಕಿ ಅಲ್ಲೇ ಇದ್ದಳು. ಬಾಗಿಲಲ್ಲಿ ನಿಂತವಳನ್ನು ಕಂಡು ದೇವಾನಂದ ಎದ್ದು ಅಡ್ಡ ಬಂದ. ಲುಂಬಿನಿ ಅವನನ್ನು ಸರಿಸಿ, "ಒಳಗ ಬರ್ರಿ ಅವ್ವಾ," ಎಂದಳು.

ಶಿವಕಾಂತಮ್ಮ ಗೋಡೆಗೆ ಒರಗಿ ಕೂತಳು. ಕೊಟ್ಟ ನೀರು ಕುಡಿದಳು. ಲುಂಬಿನಿಯ ಬಲಗೈಯನ್ನೇ ನೋಡಿದಳು. ಎರಡು ಬೆರಳುಗಳು ಸೊಟ್ಟಗೇ ಕೂಡಿಕೊಂಡಿದ್ದವು.

"ನಾನೇ ಮುರದ್ನೇನು?"

"ಗೊತ್ತಿಲ್ಲವ್ವಾ. ಭಾಳ ಮಂದಿ ಇದ್ರು."

"ನಾನಲ್ಲ. ನಾ ಕುಂತಿದ್ದೆ, ಬಡೀಲಿಕತ್ತಿದ್ದೆ. ಕಲ್ಲು ನಂದಲ್ಲ." ಮತ್ತೆ ಕೇಳಿದಳು. "ಆ ಭೀಮಶ್ಯಾನ ಕಣ್ಣು ಹೋದವಂತಲ್ಲ, ಖರೇನು?"

"ಒಂದು ಹೋಗ್ಯಾದ."

"ಎರಡೂ ಹೋಗಬೇಕಾಗಿತ್ತು. ನೀನೇ ನೀರು ಹಾಕಿದ್ದಿ ಅಂತಾರ."

"ಹೌದ್ರಿ. ನಾನೇ ಹಾಕೀನಿ."

ಶಿವಕಾಂತಮ್ಮನ ಮುಖ ಬಿಗಿಯಿತು. ಎದ್ದು ಹೋಗುತ್ತಾಳೆ ಎಂದುಕೊಂಡಳು ಲುಂಬಿನಿ. ಹೋಗಲಿಲ್ಲ. ಒಳಗಿನಿಂದ ಬಂದ ಚಹಾವನ್ನು ಬಸಿಗೆ ಹಾಕಿಕೊಂಡು, ಊದಿ ಊದಿ ಕುಡಿದಳು.

"ನನ್ ಮೈದುನ ಹೊಲಕ್ಕ ಹೋಗಲಿಕತ್ತಾನ," ಎಂದಳು. ಆಮೇಲೆ, "ಆ ಮಣಿ ಮತ್ತ ಮಾಡ್ತೀಯೇನು ನೀ?"

ಈ ಪ್ರಶ್ನೆಯನ್ನು ವಿಶ್ವವಿದ್ಯಾಲಯದ ಸಮಿತಿಯೂ ಕೇಳಿತ್ತು. ಅಲ್ಲಿ ಲುಂಬಿನಿ ಉದ್ದುದ್ದ ಉತ್ತರ ಕೊಟ್ಟಿದ್ದಳು.

"ಮಾಡ್ತೀನವ್ವಾ. ಕರುಳ ಹುಣ್ಣಾದವ್ರು ರಕ್ತ ಹೋಗಿ ಸಾಯಲಿಕತ್ತಾರ. ಆದ್ರ ಸೇಂದ್ಯಾಗ ಹಾಕಿದ್ರೂ ಒಡೀಲಾರದಂಗ ಆಗೋತನಾ ಹೊರಗ ಬಿಡಂಗಿಲ್ಲ."

ಶಿವಕಾಂತಮ್ಮ ಬಸಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿ, ಸೆರಗು ಹೊದ್ದು ಎದ್ದಳು. ಸೇಡಂ ಕಡೆಯ ಗಾಡಿಗೆ ಹೊತ್ತಾಗಿತ್ತು. ಮಳೆ ಹನಿಯುತ್ತಿತ್ತು. ದೇವಾನಂದ ಕುಂಟುತ್ತ ಛತ್ರಿ ಹಿಡಿದು ಅವಳನ್ನು ಸ್ಟೇಷನ್ನಿಗೆ ಬಿಟ್ಟು ಬಂದ.